ಮುಷ್ಟಿಯೊಳಗಿನ ಮರ

ಒಬ್ಬ ಸಾಹುಕಾರನಿದ್ದ. ಯಾವ ಊರು ಅಂತ ಕೇಳಬೇಡಿ, ನಿಮ್ಮೂರು ಅಂದುಬಿಟ್ಟೇನು. ಆ ಊರಲ್ಲಿ ವಿಜಯದಶಮಿಯಂದು ಬಾಳೆಕಂಬಕ್ಕೆ ಅಂಬು ಹೊಡೆಯುವ ಪದ್ಧತಿ. ಕಂಬ ಉರುಳಿಸಿದವನಿಗೆ ವರ್ಷವಿಡೀ ಊರಿನ ಮೊದಲ ವೀಳ್ಯದ ಮರ್ಯಾದೆ. ಹದಿನೈದು ವರ್ಷ ಬಾಯಿ ಬಿಟ್ಟುಕೊಂಡು ಕಾದಮೇಲೆ ಸಾಹುಕಾರನ ಸರದಿ ಬಂತು.

ಬಿಲ್ಲು ಮಾಡಿಸಲು ಬಡಗಿಯನ್ನು ಕರೆಸಿದ. ಎರಡು ಬದಿಗೆ ಬಿದಿರು ಸಿಕ್ಕಿತು. ನಡುವಿನ ಹಿಡಿಗೆ ಮರ ಬೇಕಲ್ಲ? ಬಡಗಿ ಕೊಟ್ಟಿಗೆಯ ಮೂಲೆಯಲ್ಲಿದ್ದ ಹಳೇ ನೊಗವನ್ನು ತಟ್ಟಿ ನೋಡಿದ. ಟಣ್ ಎಂದಿತು.

"ಇದೇ ಆಗ್ಲಿ ಬುದ್ಧಿ. ಬಗ್ಗೋದು ಬಿದಿರು, ಭಾರ ತಡೆಯೋದು ಹಿಡಿ. ಚೆನ್ನಾಗಿ ಒಣಗೈತೆ, ಎಳೆ ನೆಟ್ಟಗೈತೆ."

ಸಾಹುಕಾರನಿಗೆ ಮೈಯೆಲ್ಲ ಉರಿಯಿತು. ಎತ್ತಿನ ಹೆಗಲ ಮೇಲಿದ್ದ ಮರ ತನ್ನ ಕೈಗೆ? ಊರವರು ಏನಂದುಕೊಂಡಾರು?

"ಅದನ್ನ ಸೌದೆಗೆ ತಗೊಂಡ್ಹೋಗು. ಅಗೋ, ಸುಳಿಸುಳಿಯಾಗಿರೋ ಬೀಟೆ ತುಂಡು, ಅದನ್ನ ಹಾಕು!"

"ಅದ್ರಲ್ಲಿ ಗಂಟೈತೆ ಬುದ್ಧಿ, ಅಲ್ಲೇ ಸೀಳ್ತದೆ. ಹಿಡಿದಾಗ ಆ ಚಂದ ನಿಮ್ಮ ಮುಷ್ಟಿಯೊಳಗೇ ಮುಚ್ಚೋಯ್ತದಲ್ಲ?"

"ಹೇಳಿದಷ್ಟು ಮಾಡು."

ನೋಡಿ, ಈಗ ಆ ಜಾಣನ ಜಾಣತನ ನೋಡಿ. ಹಬ್ಬದ ದಿನ ಬಿಲ್ಲೆತ್ತಿ ನಿಂತ. ಮುಷ್ಟಿ ಬಿಗಿದರೆ ಚಿತ್ತಾರ ಕಾಣುವುದಿಲ್ಲ! ಅದಕ್ಕೇ ಬೆರಳು ಬಿಡಿಸಿಟ್ಟು, ಜನ ನೋಡುತ್ತಿದ್ದಾರೋ ಇಲ್ಲವೋ ಅಂತ ಅತ್ತಿತ್ತ ಕಣ್ಣಾಡಿಸುತ್ತ ಹೆದೆ ಎಳೆದ. ಚಟಾರ್! ಹಿಡಿ ಗಂಟಿನಲ್ಲೇ ಎರಡಾಯಿತು. ಬಾಣ ಅವನ ಕಾಲ ಬುಡದಲ್ಲೇ ಬಿತ್ತು.

ಬಡಗಿ ಓಡಿ ಬಂದು ತಾನು ಮಾಡಿಟ್ಟುಕೊಂಡಿದ್ದ ಇನ್ನೊಂದು ಬಿಲ್ಲು ಚಾಚಿದ. "ಇದ್ರಲ್ಲಿ ಹೊಡೀರಿ ಬುದ್ಧಿ, ಇನ್ನೂ ಹೊತ್ತು ಮೀರಿಲ್ಲ."

ಸಾಹುಕಾರ ಹಿಡಿಯನ್ನು ನೋಡಿದ. ಸೌದೆಗೆಂದು ಕೊಟ್ಟಿದ್ದ ಅದೇ ನೊಗದ ಮರ! ಇಷ್ಟು ಜನರ ಎದುರು ಅದನ್ನು ಮುಟ್ಟುವುದೇ? ಮುಖ ತಿರುಗಿಸಿದ. ಹೊತ್ತು ಮೀರಬಾರದೆಂದು ಊರವರು ಬಿಲ್ಲನ್ನು ಸಾಹುಕಾರನದೇ ಎತ್ತು ಹೊಡೆಯುವ ಆಳಿನ ಕೈಗೆ ಕೊಟ್ಟರು. ಆಳು ಮುಷ್ಟಿ ಬಿಗಿದು ಹೊಡೆದ. ಬಾಳೆಕಂಬ ಉರುಳಿತು, ವೀಳ್ಯ ಆಳಿಗೆ ಸಂದಿತು. ಸಾಹುಕಾರ ಮುರಿದ ಬೀಟೆಯನ್ನು ಎದೆಗವಚಿಕೊಂಡು ಮನೆಗೆ ನಡೆದ.

ನಗ್ತೀರಾ? ನಗಿ, ನಗಿ. ಮಗಳಿಗೆ ಗಂಡು ನೋಡುವಾಗ ನೀವು ತಟ್ಟಿ ನೋಡಿದಿರೋ, ಸುಳಿ ನೋಡಿದಿರೋ? ನೆಂಟರು ಕೂರುವ ಹಾಲಿಗೆ ಗ್ರಾನೈಟ್ ಹಾಕಿಸಿದಿರಿ. ಅಡುಗೆಮನೆಯ ನಲ್ಲಿ ಸೋರಿ ಸೋರಿ, ನಿಮ್ಮ ಮನೆಯಾಕೆ ಅದಕ್ಕೆ ಹಳೇ ಬಟ್ಟೆ ಸುತ್ತಿ ಎಷ್ಟು ತಿಂಗಳಾಯಿತು? ಅದನ್ನು ಯಾರು ನೋಡುತ್ತಾರೆ, ಅಲ್ಲವೇ? ಭಾರವೆಲ್ಲ ಬೀಳುವುದು ಯಾರೂ ನೋಡದ ಆ ಜಾಗದ ಮೇಲೇ ಕಣ್ರೀ!

ನನಗೆ ಚಪ್ಪಾಳೆ ಬೇಡ. ನಾಳೆ ಮೊದಲು ಆ ನಲ್ಲಿ ರಿಪೇರಿ ಮಾಡಿಸಿ. ಆಮೇಲೆ ಬಂದು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ.