ಆಲ್ಬಮ್ಮಿನಲ್ಲಿ ಡ್ರಮ್ ಯಾರದು

ಗ್ರೀನ್‌ವಿಲ್ಲಿನ ಮೂಳೆ ಡಾಕ್ಟರ ಹತ್ತಿರ ಕಾಯುತ್ತಿದ್ದಾಗ ನನ್ನ ಪಕ್ಕದಲ್ಲಿ ಡ್ರಮ್ಮಿನ ಓಥಾ, ಬೇಸ್ ಗಿಟಾರಿನ ಕ್ಲೀವನ್ ಕೂತಿದ್ದರು. ವರ್ಡೆಲ್ ಎಂಬ ಹುಡುಗಿಯ ಹೊಸ ಬ್ಲೂಸ್ ಸಂಗೀತದ ಆಲ್ಬಮ್ಮಿಗೆ ಈ ಇಬ್ಬರು ಹಿರಿಯರೇ ಜೊತೆ ನುಡಿಸಿದ್ದು. ಓಥಾ ಅವರ ಹೆಂಡತಿ ಲೂವೆಲ್ಲಾ ಕಾಫಿ ತರಲು ಎದ್ದುಹೋದರು.

"ಆ ಹುಡುಗಿ ಗಿಟಾರ್ ತಂತಿ ಮೇಲೆ ಬೆರಳಿನ ಗಾಜಿನ ಕೊಳವೆ ಜಾರಿಸಿದ್ರೆ ಸತ್ತವನೂ ಎದ್ದು ಕುಣೀತಾನೆ," ಅಂದರು ಓಥಾ.

"ನಿಂಗೊಂದು ಮಾತು ಹೇಳ್ಬೇಕಿತ್ತು ಓಥಾ. ಗಂಟಲಲ್ಲೇ ಸಿಕ್ಕೊಂಡಿದೆ," ಅಂದರು ಕ್ಲೀವನ್.

"ಹೇಳು."

"ರೆಕಾರ್ಡಿಂಗ್ ಮುಗಿಸಿ ನೀನು ಹೋದ್ಮೇಲೆ ಮೆಂಫಿಸ್‌ನಿಂದ ಇನ್ನೊಬ್ಬನ್ನ ಕರೆಸಿದ್ರು. ನಿನ್ನ ಡ್ರಮ್ ತೆಗೆದು ಅವನದ್ದು ಹಾಕಿದ್ರು. ವರ್ಡೆಲ್ ನನ್ನ ಕೇಳಿದ್ಲು. ನಾನೇ ಹೂಂ ಅಂದೆ."

ಓಥಾ ಮಂಡಿ ಉಜ್ಜಿಕೊಂಡರು.

"ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನನ್ನ ಕಾಲು ಈಗ ಡ್ರಮ್ಮಿನ ಪೆಡಲ್ ಮೇಲೆ ಅಷ್ಟು ಚುರುಕಾಗಿ ಬೀಳುತ್ತಾ? ಮೊದಲನೇ ಹಾಡಿಗೇ ತಿಳೀತು."

"ಬೈದಾದ್ರೂ ಬಿಡಬಾರದಿತ್ತಾ?"

"ಹಾಡು ಚೆನ್ನಾಗಿ ಬಂದಿದೆ ಕಣೋ. ಏನಂತ ಬೈಲಿ?"

"ಕವರ್ ಮೇಲೆ ಹೆಸರು ಮಾತ್ರ ನಿಂದೇ ಇರ್ಲಿ ಅಂತ ಹಟ ಹಿಡಿದೆ."

"ಕಷ್ಟ ಆಗಿರೋದೇ ಅದು. ಭಾನುವಾರ ಲೂವೆಲ್ಲಾ ನೆರೆಯವರನ್ನ ಕರೆದು, ಕೋಳಿ ಕರಿದು ಬಡಿಸಿ, ಆ ಆಲ್ಬಮ್ ಹಾಕ್ತಾಳೆ. ನಮ್ಮ ಯಜಮಾನರ ಕೈಚಳಕ ಕೇಳಿ ಅಂತಾಳೆ. ನಾನು ಕೂತು ತಲೆ ಆಡಿಸ್ತೀನಿ."

"ಅವಳಿಗೆ ನಾನೇ ಹೇಳ್ಲಾ?"

"ಬೇಡ. ನಿನ್ನ ಪಾಪ ನೀನು ಹೇಳಿದ್ದಾಯ್ತು."

ಲೂವೆಲ್ಲಾ ಬರುವುದಕ್ಕೂ ನರ್ಸ್ ಓಥಾ ಅವರನ್ನು ಕರೆಯುವುದಕ್ಕೂ ಸರಿಹೋಯಿತು.

"ಏನ್ ಮಾತಾಡ್ತಿದ್ರಿ ಇಬ್ರೂ?"

"ಆಲ್ಬಮ್ ವಿಷಯ," ಅಂದರು ಓಥಾ, ಹೆಂಡತಿಯ ಭುಜ ಹಿಡಿದು ಏಳುತ್ತಾ. "ನಡಿ. ಮನೆಗೆ ಹೋಗ್ತಾ ನಿಂಗೂ ಹೇಳ್ತೀನಿ."