ಬ್ರಾಕೆಟ್ಟಿನ ಹೊರಗಿನ ಮೈನಸ್ಸು

ಹನ್ನೆರಡು, ಮೇಷ್ಟ್ರೇ! ನೂರಕ್ಕೆ ಹನ್ನೆರಡು!

ಬೇಡ, ಕೂರೋಕೆ ಬಂದಿಲ್ಲ ನಾನು. ಬೆಂಚು ನಿಮ್ಮ ಮಕ್ಕಳಿಗಿರಲಿ. ಎಸ್ಟೇಟಿಂದ ಮೂರು ಮೈಲಿ ನಡ್ಕೊಂಡು ಬಂದಿದ್ದೀನಿ. ಕಾಫಿ ಹಣ್ಣು ಕೀಳೋ ಪಿಕಿಂಗ್ ಮೈಮೇಲೆ ಬಂದಿರೋ ಹೊತ್ತು, ದೊರೆ ಕೈಕಾಲು ಹಿಡ್ದು ಅರ್ಧ ದಿನ ರಜಾ ತಗೊಂಡಿದ್ದೀನಿ. ಒಂದೇ ಒಂದು ಮಾತು ಕೇಳಿ ಹೋಗ್ತೀನಿ. ನನ್ನ ಮಗಳು ಮುತ್ತಮ್ಮ ದಡ್ಡಿಯೋ, ಇಲ್ಲಾ ನಿಮಗೆ ಕಲಿಸೋಕೆ ಬರಲ್ವೋ? ಎರಡರಲ್ಲಿ ಒಂದು ಹೇಳ್ಬಿಡಿ.

ಏನು, ನಿಧಾನ ಮಾಡಬೇಕಾ? ಹೆಂಗೆ ಮಾಡ್ಲಿ ಸ್ವಾಮಿ! ಅರ್ಧವಾರ್ಷಿಕದಲ್ಲೇ ಲೆಕ್ಕ ಹೋದ್ರೆ ಮಾರ್ಚ್‌ನಲ್ಲಿ ಎಂಟನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಕೂರಿಸಲ್ಲ ಅಂತ ನಿಮ್ಮ ಹೆಡ್‌ಮಾಸ್ಟರ್ರೇ ಚೀಟಿ ಕಳ್ಸಿದ್ದಾರೆ. ಕೂರಿಸಲಿಲ್ಲ ಅಂದ್ರೆ ಅಲ್ಲಿಗೆ ಓದು ಮುಗೀತು. ನಾನೂ ರಾತ್ರಿ ಹೇಳ್ಬಿಟ್ಟೆ ಅವಳಿಗೆ. ನೋಡಮ್ಮ, ಹನ್ನೆರಡು ತೆಗೆಯೋಕೆ ಸ್ಕೂಲು ಯಾಕೆ, ಸೋಮವಾರದಿಂದ ಬುಟ್ಟಿ ಕಟ್ಕೊಂಡು ಕೂಲಿ ಆಳು ಮಾದಿ ಜೊತೆ ಪಿಕಿಂಗಿಗೆ ಹೋಗು ಅಂತ.

ಹೌದು, ಹೇಳ್ದೆ. ಯಾಕೆ ಹಂಗೆ ನೋಡ್ತೀರಿ? ಎಸ್ಟೇಟ್ ಲೆಕ್ಕ ಬರೆಯೋ ರೈಟರ್ ಮಗಳು ಹಣ್ಣು ಕೀಳಬಾರದು ಅಂತ ಏನಾದ್ರೂ ಕಾನೂನಿದ್ಯಾ?

ಅವಳು ಟೀಚರಮ್ಮ ಆಗ್ತಾಳೆ ಅಂತಿದ್ದೆ ಮೇಷ್ಟ್ರೇ... ಮಡಿಕೇರಿಗೆ ಕಳಿಸ್ತೀನಿ, ಟ್ರೈನಿಂಗ್ ಮಾಡಿಸ್ತೀನಿ ಅಂತ ಕೂಲಿ ಲೈನಿನ ಮನೆಯವರಿಗೆಲ್ಲ ಸಾರ್ಕೊಂಡು ತಿರುಗಿದ್ದೆ. ಈಗ ಅವರ ಮುಂದೆ ಮುಖ ಎತ್ತೋದು ಹೆಂಗೆ?

ಉಳಿದದ್ದು ನೋಡಿ ನೀವೇ. ಕನ್ನಡ ಅರವತ್ತೆಂಟು. ಚರಿತ್ರೆ ಐವತ್ತೊಂಬತ್ತು. ಹೋದ ವರ್ಷ ಇದೇ ಲೆಕ್ಕದಲ್ಲಿ ಎಪ್ಪತ್ನಾಲ್ಕು! ಭಿನ್ನರಾಶಿ, ದಶಾಂಶ, ತ್ರೈರಾಶಿ... ಕೇಳೋಕೆ ಮುಂಚೆ ಹೇಳ್ತಿದ್ದಳು. ಈ ವರ್ಷ ಏನಾಯ್ತು ಹಂಗಾದ್ರೆ? ಕುಶಾಲಪ್ಪ ಮೇಷ್ಟ್ರು ನೀವು ಬಂದ್ರಿ, ಬೀಜಗಣಿತ ಬಂತು, ಮಗಳ ತಲೆ ಹೋಯ್ತು! ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಕಲಿಸೋಕೆ ಬರದಿದ್ರೆ ಹುಡುಗಿ ದಡ್ಡಿ.

ಎಕ್ಸ್ ಅಂದ್ರೆ ಏನಮ್ಮ ಅಂತ ಕೇಳಿದ್ರೆ, ಗೊತ್ತಿಲ್ಲದ್ದು ಅಪ್ಪಾ ಅಂತಾಳೆ. ಗೊತ್ತಿಲ್ಲದ್ದನ್ನ ಕಲಿಸೋಕೆ ಮೇಷ್ಟ್ರನ್ನ ಬೇರೆ ಇಡಬೇಕಾ ಸರ್ಕಾರ?

ಯಾಕೆ ನಗ್ತೀರಿ? ನಗಬೇಡಿ. ನನಗೆ ಮೈಯೆಲ್ಲ ಉರೀತಿದೆ.

ಮನೇಲಾ? ಮನೇಲಿ ಯಾರು ಹೇಳಿಕೊಡ್ತಾರೆ? ಅವಳ ತಾಯಿ ರಂಗಮ್ಮನಿಗೆ ಅಕ್ಷರವೇ ಇಲ್ಲ. ನಾನಾ? ಛೆ ಛೆ, ನಾನು ಅವಳ ಪುಸ್ತಕ ಮುಟ್ಟೋನೇ ಅಲ್ಲ. ಬೆಳಗಾದ್ರೆ ಆಳುಗಳ ಹಾಜರಿ ಮಸ್ಟರು, ಸಂಜೆಯಾದ್ರೆ ಹಣ್ಣಿನ ತೂಕ. ಪುರುಸೊತ್ತೆಲ್ಲಿ? ಹಂಗಂತ ನನಗೆ ಲೆಕ್ಕ ಬರಲ್ಲ ಅಂದ್ಕೋಬೇಡಿ. ಹದಿನೆಂಟು ವರ್ಷದ ರೈಟರ್ ನಾನು. ನೂರಾ ಇಪ್ಪತ್ತು ಆಳಿನ ತೂಕ ಬಾಯಲ್ಲೇ ಕೂಡಿಸಿ ಹೇಳ್ತೀನಿ. ಈ ಸಣ್ಣಸ್ವಾಮಿ ಹೇಳಿದ ಮೇಲೆ ದೊರೆನೂ ಇನ್ನೊಂದ್ಸಲ ನೋಡಲ್ಲ.

ಅದೇನು, ಅವಳ ಹೋಂವರ್ಕ್ ಪುಸ್ತಕವಾ? ಕೊಡಿ... ಹೂಂ. ಅವಳದೇ ಅಕ್ಷರ. ಎಷ್ಟು ದುಂಡಗೆ ಬರೀತಾಳೆ ನೋಡಿ.

ಈ ನೇರಳೆ ಗೀಟಾ? ಅದು... ಯಾರು ಹೊಡೆದ್ರೋ! ನೀವೇ ಹೊಡೆದಿರಬೇಕು. ಮೇಷ್ಟ್ರಲ್ವಾ ಗೀಟು ಹೊಡೆಯೋದು?

ನಿಮ್ಮದು ಕೆಂಪು ಶಾಯಿಯಾ. ಓ.

ನನ್ನ ಜೇಬು ಯಾಕೆ ನೋಡ್ತೀರಿ? ಇದು ಎಸ್ಟೇಟಿನ ಪೆನ್ಸಿಲ್ಲು. ಎಂಜಲು ಹಚ್ಚಿದ್ರೆ ನೇರಳೆ ಆಗುತ್ತೆ, ಅಳಿಸೋಕಾಗಲ್ಲ, ಅದಕ್ಕೇ ರೈಟರಿಗೆ ಕೊಡೋದು. ಕೊಡಗಿನಲ್ಲಿ ನನ್ನೊಬ್ಬನ ಹತ್ರಾನೇ ಇದೆಯಾ ಇದು?

...ಸರಿ ಮಾರಾಯ್ರೆ. ನಾನೇ. ಹೊಡೆದೆ. ಏನೀಗ?

ತಪ್ಪಿತ್ತು, ತಿದ್ದಿದೆ! ಹೆತ್ತ ಅಪ್ಪ ತಿದ್ದಬಾರದಾ? ಬನ್ನಿ, ನಿಮ್ಮೆದುರೇ ಮಾಡಿ ತೋರಿಸ್ತೀನಿ. ಹನ್ನೆರಡು ಮೈನಸ್, ಬ್ರಾಕೆಟ್ಟಿನ ಒಳಗೆ ಎಕ್ಸ್ ಮೈನಸ್ ನಾಲ್ಕು. ಎಲ್ಲಾ ಸೇರಿ ಏಳಕ್ಕೆ ಸಮ. ಎಕ್ಸ್ ಎಷ್ಟು? ಸುಲಭ. ಬ್ರಾಕೆಟ್ಟು ತೆಗೀರಿ. ಹನ್ನೆರಡರಲ್ಲಿ ಎಕ್ಸ್ ಕಳೀರಿ, ಆಮೇಲೆ ನಾಲ್ಕೂ ಕಳೀರಿ. ಹನ್ನೆರಡರಲ್ಲಿ ನಾಲ್ಕು ಹೋದ್ರೆ ಎಂಟು. ಎಂಟರಲ್ಲಿ ಎಕ್ಸ್ ಹೋದ್ರೆ ಏಳು. ಎಕ್ಸು ಒಂದು! ಆಯ್ತಲ್ಲ? ಅವಳು ಏನು ಮಾಡಿದ್ಲು ಗೊತ್ತಾ? ಬ್ರಾಕೆಟ್ಟು ತೆಗೆದ ತಕ್ಷಣ ಮೈನಸ್ ನಾಲ್ಕನ್ನ ಪ್ಲಸ್ ನಾಲ್ಕು ಮಾಡ್ಬಿಟ್ಲು! ಯಾಕಮ್ಮ ಅಂದ್ರೆ, ಹೊರಗೆ ಮೈನಸ್ ಇದೆ ಅಪ್ಪಾ, ಒಳಗಿನ ಗುರುತು ಬದಲಾಗುತ್ತೆ ಅಂತ ಮೇಷ್ಟ್ರು ಹೇಳಿದ್ದಾರೆ ಅಂದ್ಲು. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಂಗಾಯ್ತಲ್ಲ! ಕಳೆಯೋದ್ರ ಮೇಲೆ ಕಳೆದ್ರೆ ಇನ್ನೂ ಕಮ್ಮಿ ಆಗಬೇಕಲ್ವಾ? ಜಾಸ್ತಿ ಹೆಂಗಾಗುತ್ತೆ?

ತೂಕದ ವಿಷ್ಯ ಇಲ್ಲಿ ಯಾಕೆ? ನಾನು ಎಕ್ಸ್ ಮಾತಾಡ್ತಿದ್ರೆ ನೀವು ತಕ್ಕಡಿ ಕೇಳ್ತೀರಿ. ಹೇಳ್ತೀನಿ ಬಿಡಿ. ಮಾದಿ ನಲವತ್ತು ಪೌಂಡು ತಂದಳು ಅನ್ನಿ. ನೆನೆದ ಗೋಣಿಚೀಲದ ಭಾರ ಅಂತ ಎಲ್ಲರಿಗೂ ಐದು ಪೌಂಡು ಕಳೀತೀವಿ. ಆದ್ರೆ ಮಾದಿದು ಚೀಲ ಅಲ್ಲ, ಬಿದಿರಿನ ಬುಟ್ಟಿ. ಐದಕ್ಕೆ ಎರಡು ಪೌಂಡು ಕಮ್ಮಿ ತೂಗುತ್ತೆ. ಬಡವಿ, ಅವಳ ಹೊಟ್ಟೆ ಮೇಲೆ ನಾನ್ಯಾಕೆ ಹೊಡೀಲಿ? ಆ ಎರಡು ಅವಳಿಗೆ ವಾಪಸ್ ಸೇರಿಸ್ತೀನಿ. ಮೂವತ್ತೇಳು. ಹದಿನೆಂಟು ವರ್ಷದಿಂದ ಹಿಂಗೇ. ಒಂದು ದಿನ ಯಾರೂ ತಕರಾರು ಎತ್ತಿಲ್ಲ.

ಬೋರ್ಡಿನ ಮೇಲೆ ಏನು ಬರೀತೀರಿ? ನಲವತ್ತು... ಮೈನಸ್... ಬ್ರಾಕೆಟ್ಟಿನ ಒಳಗೆ ಐದು ಮೈನಸ್ ಎರಡು. ಹೂಂ, ಅದೇ, ಮಾದಿ ಬುಟ್ಟಿ. ನಾನು ಮಾಡ್ಲಾ? ಕೊಡಿ ಸೀಮೆಸುಣ್ಣ. ಬ್ರಾಕೆಟ್ಟು ತೆಗೆದೆ. ನಲವತ್ತರಲ್ಲಿ ಐದು ಹೋಯ್ತು, ಮೂವತ್ತೈದು. ಆಮೇಲೆ ಎರಡೂ ಕಳೆದ್ರೆ... ಮೂವತ್ತ...

ಇಲ್ಲ. ತಡೀರಿ. ಮೂವತ್ಮೂರು ಬಂತು. ಮೂವತ್ತೇಳು ಬರಬೇಕಿತ್ತು. ಎರಡು ವಾಪಸ್ ಸೇರಿಸಬೇಕು. ಸೇರಿಸಬೇಕು...

ಅಯ್ಯೋ ಶಿವನೇ.

ಮೇಷ್ಟ್ರೇ, ಬೈಯ್ಯಿರಿ ಬೇಕಾದ್ರೆ. ಮೂರು ತಿಂಗಳು... ದಸರಾ ಕಳೆದಾಗಿನಿಂದ ದಿನಾ ಸಂಜೆ ಪಕ್ಕದಲ್ಲೇ ಕೂತು, ಅವಳು ಸರಿಯಾಗಿ ಮಾಡಿದ್ದಕ್ಕೆಲ್ಲ ಗೀಟು ಹಾಕಿ ನನ್ನ ತಪ್ಪನ್ನೇ ಬರೆಸಿದ್ದೀನಲ್ಲ ನಾನು!

ಆಯ್ತು, ಒಪ್ಕೊಂಡೆ. ಮನೇಲಿ ಕೆಡಿಸಿದೆ. ಆದ್ರೆ ಪರೀಕ್ಷೆ? ಅಲ್ಲಿ ನಾನಿರಲಿಲ್ಲವಲ್ಲ, ನನ್ನ ಪೆನ್ಸಿಲ್ಲೂ ಇರಲಿಲ್ಲ. ಅಷ್ಟು ಗೊತ್ತಿದ್ದ ಹುಡುಗಿ ಅಲ್ಲಿ ಸರಿಯಾಗಿ ಬರೀಬೇಕಿತ್ತು ತಾನೇ? ಅಲ್ಲಿ ತಪ್ಪು ಬರೆದದ್ದು ಅವಳೇ! ಅದಕ್ಕೇನಂತೀರಿ?

ಕೊಡಿ ಆ ಉತ್ತರ ಪತ್ರಿಕೆ. ಎಲ್ಲಿ, ಮೂರನೇ ಲೆಕ್ಕ, ಹೋಂವರ್ಕಿನದನ್ನೇ ಕೊಟ್ಟಿದ್ದೀರಿ. ಎಕ್ಸ್ ಸಮ ಒಂದು. ನೋಡಿದ್ರಾ? ತಪ್ಪೇ ಬರೆದಿದ್ದಾಳೆ.

ಯಾಕೆ, ಅಂಚಿನಲ್ಲೇನಿದೆ? ಇಷ್ಟು ಸಣ್ಣಕ್ಕೆ... ಕನ್ನಡಕ ಹಾಕ್ಕೋತೀನಿ, ತಡೀರಿ. ಹನ್ನೆರಡು ಮೈನಸ್ ಎಕ್ಸ್... ಪ್ಲಸ್ ನಾಲ್ಕು. ಹದಿನಾರು ಮೈನಸ್ ಎಕ್ಸ್ ಸಮ ಏಳು. ಎಕ್ಸ್... ಒಂಬತ್ತು. ಕೆಳಗೆ ತಾಳೆನೂ ನೋಡಿದ್ದಾಳೆ. ಒಂಬತ್ತರಲ್ಲಿ ನಾಲ್ಕು ಹೋಗಿ ಐದು, ಹನ್ನೆರಡರಲ್ಲಿ ಐದು ಹೋಗಿ ಏಳು. ಸರಿ ಹೋಯ್ತು.

ಸರಿ ಹೋಯ್ತು, ಆಮೇಲೆ ಹೊಡೆದು ಹಾಕಿದ್ದಾಳೆ. ಹೊಡೆದು ಹಾಕಿ, ಈ ಕಡೆ ನನ್ನ ಒಂದು ಬರೆದಿದ್ದಾಳೆ.

ನಾಲ್ಕನೇದೂ ಹಂಗೇ... ಐದನೇದೂ. ಮೇಷ್ಟ್ರೇ, ಎಲ್ಲಾ ಹಂಗೇ!

ಯಾಕೆ? ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಹಿಂಗೆ ಮಾಡ್ಕೊಂಡ್ಲು? ನಾನೇನು ಹುಲಿಯಾ ಕರಡಿಯಾ? ಅಪ್ಪಾ ನಿಂದು ತಪ್ಪು ಅಂತ ಒಂದು ಮಾತು ಹೇಳಿದ್ರೆ ನಾನು ಕೇಳ್ತಿರಲಿಲ್ವಾ? ಹೇಳಬಹುದಿತ್ತಲ್ಲ, ಬಾಯಿಲ್ವಾ ಅವಳಿಗೆ?

ತಗೊಳ್ಳಿ ಈ ಪತ್ರಿಕೆ ಮೇಷ್ಟ್ರೇ, ಇನ್ನು ನೋಡೋಕಾಗಲ್ಲ.

...ಹೇಳಿದ್ಲು. ಒಂದ್ಸಲ ಹೇಳಿದ್ಲು. ದೀಪಾವಳಿ ಹಿಂದಿನ ವಾರ. ಎಸ್ಟೇಟಿನ ಜಯಪ್ಪ ಮೇಸ್ತ್ರಿ ಕೂತಿದ್ದ ಜಗಲಿ ಮೇಲೆ, ಅವನೆದುರಿಗೇ ಅಂದ್ಲು. ಅಪ್ಪಾ, ನಿಮಗೆ ಇದು ಬರಲ್ಲ, ಬಿಡಿ ಅಂತ. ಜಯಪ್ಪ ಹಲ್ಲು ಕಿಸಿದ. ನನಗೆಲ್ಲಿತ್ತೋ ಸಿಟ್ಟು! ಅಡಿಕೋಲು ಕೈಯಲ್ಲೇ ಇತ್ತು... ಕೈ ಮೇಲೇ ಬಿತ್ತು, ಬರೆಯೋ ಕೈ ಮೇಲೆ.

ಒಂದೇ ಏಟು, ಮೇಷ್ಟ್ರೇ. ಅವಳು ಅಳಲೂ ಇಲ್ಲ. ಮಾರನೇ ದಿನದಿಂದ ನಾನು ಹೇಳಿದ್ದನ್ನ ಹೇಳಿದಂಗೇ ಬರೀತಾ ಹೋದ್ಲು, ಒಂದೇ ಒಂದು ದಿನ ಎದುರು ಹೇಳಲಿಲ್ಲ.

ನಾನು... ಲೆಕ್ಕ ತಲೆಗೆ ಹತ್ತಿತು ಅಂದ್ಕೊಂಡೆ.