ಹಿತ್ತಲಿಗೆ ಬಿದ್ದ ಬಾತುಕೋಳಿ

ದೀಪಾವಳಿ ಕಳೆದ ಮೇಲೆ ಎದ್ದ ಚಂಡಮಾರುತ ಇನ್ನೂ ಪೂರ್ತಿ ಅಡಗಿರಲಿಲ್ಲ. ಬೆಳಂಬಾರದ ಬಸ್ಸಿನಲ್ಲಿ ಗಂಗೆಯ ಮುಂದಿನ ಸೀಟಿನಲ್ಲಿ, ತೊಯ್ದು ತೊಪ್ಪೆಯಾದ ಒಬ್ಬ ಗಂಡಸು ದುರ್ಬೀನು ಒರೆಸುತ್ತ ಕೂತಿದ್ದ. ಪಕ್ಕದಲ್ಲಿದ್ದ ಅವನ ಅಕ್ಕನ ಮಗಳು ಮೊಬೈಲು ಹಿಡಿದೇ ಅವನತ್ತ ತಿರುಗಿದಳು.

"ಮಾವ, ಆಯಿ ಫೋನು. ಗಾಳಿಗೆ ಯಾರದೋ ಬಾತುಕೋಳಿ ನಮ್ಮ ಹಿತ್ಲಿಗೆ ಬಂದು ಬಿದ್ದದೆಯಂತೆ. ಕೋಳಿಬುಟ್ಟಿ ಕವುಚಿ ಇಟ್ಟಿದಾಳೆ."

"ಇಟ್ಕೊಳ್ಳಲಿ ಬಿಡೆ. ಎರಡು ದಿನ ಕಾರವಾರದ ದಂಡೆ ಮೇಲೆ ನಿಂತ್ರೂ ನಂಗೆ ಮೀನು ಹಿಡಿಯೂ ಆ ಬೂಬಿ ಹಕ್ಕಿ ಒಂದೂ ಕಾಣ್ಲಿಲ್ಲ. ಇಂಥಾ ಗಾಳಿಗೇ ಅದು ನಡುಗಡಲಿಂದ ದಡಕ್ಕೆ ಬರೂದು."

"ಅಕ್ಕಿ ಹಾಕಿದ್ರೆ ಮೂಸಿಯೂ ನೋಡ್ಲಿಲ್ಲಂತೆ. ಸಾರಿಗೆ ಇಟ್ಟ ಬಂಗಡೆ ಇಡೀ ನುಂಗ್ತಂತೆ."

ಒರೆಸುವ ಕೈ ನಿಂತಿತು.

"ಬಾತುಕೋಳಿ ಬಂಗಡೆ ನುಂಗ್ತದ್ಯನೇ? ಕೊಕ್ಕು ಹ್ಯಾಂಗದೆ ಕೇಳು!"

"ದಬ್ಬಣದ ಹಾಂಗೆ ಚೂಪಂತೆ. ಆಯಿ ಕೈಗೆ ಕುಕ್ಕಿ ರಕ್ತ ಬಂದದೆ."

"ರಕ್ತ ಬಂತಾ? ಭಾರೀ ಚೊಲೋ ಆಯ್ತು!"

"ಮಾವ!"

"ಬುಟ್ಟಿ ಎತ್ತಬೇಡ ಹೇಳು, ನಾ ಬಂದೆ! ಕಂಡಕ್ಟ್ರೇ, ಮನೆ ದಾರಿ ಬಂತು, ಇಲ್ಲೇ ನಿಲ್ಸಿ!"

ಬಸ್ಸು ನಿಲ್ಲುವ ಮೊದಲೇ ಅವನು ಜಿಗಿದ, ಹಿಂದೆಯೇ ಹುಡುಗಿ. ಸೀಟಿನ ಮೇಲೆ ಉಳಿದ ದುರ್ಬೀನನ್ನು ಗಂಗೆ ಎತ್ತಿ ಹಿಡಿದು ಕಿಟಕಿಯಿಂದ ಕೂಗಿದಳು.

ಅವನು ತಿರುಗಿಯೂ ನೋಡದೆ ಓಡುತ್ತಲೇ ಅಂದ: "ಇನ್ನು ಅದು ಎಂತಕ್ಕೆ ಅಕ್ಕಾ! ಹಕ್ಕಿ ಬುಟ್ಟಿ ಅಡಿಗೇ ಅದೆ!"